ನರ್ಸಿಂಗ್ ಶಿಕ್ಷಕರ ಪ್ರಮಾಣೀಕರಣ ಪರೀಕ್ಷೆ: ಸಿದ್ಧತೆ ಹೇಗೆ?

ನಮ್ಮ ಕರಾವಳಿಯಲ್ಲಿ ಒಬ್ಬರಾದರೂ ನರ್ಸ್ ಇಲ್ಲದ ಧರ್ಮಕೇಂದ್ರವನ್ನು ಹುಡುಕುವುದು ಕಷ್ಟ. ಕಂಕನಾಡಿಯಲ್ಲಿ 1880ರಲ್ಲಿ ಜರ್ಮನಿಯ ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್ ಸಣ್ಣ ಔಷಧಾಲಯವೊಂದನ್ನು ಆರಂಭಿಸಿದ ಕಾಲದಿಂದ ಇಂದಿನವರೆಗೆ ರೋಗಿಗಳ ಸೇವೆ ಇಲ್ಲಿನ ಮನೆಮನೆಯ ಮಾತಾಗಿದೆ. ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಕಲಿತ ನಮ್ಮ ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ದುಡಿಯುತ್ತಿದ್ದಾರೆ. ಹೀಗೆ ಹೋದವರಲ್ಲಿ ಕೆಲವರು ಹತ್ತು ಹದಿನೈದು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಮುಂದಿನ ದಾರಿಯನ್ನು ಯೋಚಿಸುತ್ತಾರೆ. ರಾತ್ರಿ ಪಾಳಿ ಮೈಗೆ ಒಗ್ಗದ ವಯಸ್ಸು ಬರುತ್ತದೆ, ಸೊಂಟ ನೋವು ಶುರುವಾಗುತ್ತದೆ, ಕಲಿತದ್ದನ್ನು ಕಿರಿಯರಿಗೆ ಕಲಿಸಬೇಕೆಂಬ ಆಸೆಯೂ ಹುಟ್ಟುತ್ತದೆ. ಅಂಥವರ ಮುಂದೆ ಬರುವ ಹೆಸರು ಸರ್ಟಿಫೈಡ್ ನರ್ಸ್ ಎಜುಕೇಟರ್, ಚಿಕ್ಕದಾಗಿ ಸಿ.ಎನ್.ಇ.

ಈ ಪರೀಕ್ಷೆಯ ಬಗ್ಗೆ ಕನ್ನಡದಲ್ಲಿ ಮಾಹಿತಿ ಕಡಿಮೆ, ತಪ್ಪು ತಿಳಿವಳಿಕೆ ಹೆಚ್ಚು. ಆದ್ದರಿಂದ ಅದು ಏನು, ಯಾರಿಗೆ, ಹೇಗೆ ಓದಬೇಕು ಎಂಬುದನ್ನು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ. ಪರೀಕ್ಷೆ ಬರೆಯುವವರು ಮಾತ್ರವಲ್ಲ, ಅವರ ಮನೆಯವರು ಮತ್ತು ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸುವ ಧರ್ಮಭಗಿನಿಯರೂ ಇದನ್ನು ಓದಬೇಕೆಂಬುದು ನಮ್ಮ ಅಪೇಕ್ಷೆ.

ಏನಿದು ಸಿ.ಎನ್.ಇ.?

ಅಮೆರಿಕದ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್, ಅಂದರೆ ಎನ್.ಎಲ್.ಎನ್., ಈ ಪರೀಕ್ಷೆಯನ್ನು ನಡೆಸುತ್ತದೆ. ಈ ಸಂಸ್ಥೆ 1893ರಲ್ಲಿ ನರ್ಸಿಂಗ್ ಶಾಲೆಗಳ ಮೇಲ್ವಿಚಾರಕಿಯರು ಕಟ್ಟಿಕೊಂಡ ಸಂಘದಿಂದ ಬೆಳೆದು ಬಂದದ್ದು. ಸಿ.ಎನ್.ಇ. ಪರೀಕ್ಷೆ ಮೊದಲು ನಡೆದದ್ದು 2005ರಲ್ಲಿ. ಅಲ್ಲಿಯವರೆಗೆ ಹೃದ್ರೋಗ, ತುರ್ತು ಚಿಕಿತ್ಸೆ, ಮಕ್ಕಳ ಆರೈಕೆ ಮುಂತಾದ ವಿಶೇಷ ವಿಭಾಗಗಳ ನರ್ಸ್‌ಗಳಿಗೆ ಪ್ರಮಾಣಪತ್ರಗಳಿದ್ದವು. ಕಾಲೇಜಿನಲ್ಲಿ ಕಲಿಸುವುದೂ ಒಂದು ವಿಶೇಷ ವಿದ್ಯೆ, ಒಳ್ಳೆಯ ನರ್ಸ್ ಆದವರೆಲ್ಲ ತಾನಾಗಿಯೇ ಒಳ್ಳೆಯ ಶಿಕ್ಷಕರಾಗುವುದಿಲ್ಲ ಎಂಬ ತಿಳಿವಳಿಕೆಯಿಂದ ಈ ಪರೀಕ್ಷೆ ಹುಟ್ಟಿತು.

ಇದೇ ಸಂಸ್ಥೆ ನಂತರ ಇನ್ನೆರಡು ಪರೀಕ್ಷೆಗಳನ್ನು ಸೇರಿಸಿತು. ವಿದ್ಯಾರ್ಥಿಗಳನ್ನು ಆಸ್ಪತ್ರೆಯ ವಾರ್ಡಿನಲ್ಲಿ ನಡೆಸುವ ಕ್ಲಿನಿಕಲ್ ಶಿಕ್ಷಕರಿಗೆ ಒಂದು, ಹೊಸದಾಗಿ ಶಿಕ್ಷಕ ವೃತ್ತಿಗೆ ಬಂದವರಿಗೆ ಇನ್ನೊಂದು. ಇವುಗಳ ಹೊರತಾಗಿ, ಕಾಲೇಜಿನಲ್ಲಿ ಅಲ್ಲದೆ ಆಸ್ಪತ್ರೆಯೊಳಗೇ ಸಿಬ್ಬಂದಿಗೆ ತರಬೇತಿ ಕೊಡುವವರಿಗೆ ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್ ನಡೆಸುವ ನರ್ಸಿಂಗ್ ಪ್ರೊಫೆಷನಲ್ ಡೆವಲಪ್‌ಮೆಂಟ್ ಪರೀಕ್ಷೆ ಇದೆ. ಅದಕ್ಕೆ ಬಿ.ಎಸ್ಸಿ. ನರ್ಸಿಂಗ್ ಮಟ್ಟದ ಪದವಿಯಿದ್ದವರೂ ಕುಳಿತುಕೊಳ್ಳಬಹುದು. ಎಷ್ಟೋ ಮಂದಿ ತಮ್ಮ ಕೆಲಸಕ್ಕೆ ಹೊಂದುವುದು ಯಾವುದು ಎಂದು ನೋಡದೆ ಹೆಸರು ಕೇಳಿಯೇ ಪುಸ್ತಕ ಕೊಳ್ಳುತ್ತಾರೆ. ಮೊದಲು ನಿಮ್ಮ ಕೆಲಸ ಕಾಲೇಜಿನದೋ, ವಾರ್ಡಿನದೋ, ಆಸ್ಪತ್ರೆ ತರಬೇತಿಯದೋ ಎಂದು ನಿರ್ಧರಿಸಿರಿ. ಈ ಲೇಖನ ಮುಖ್ಯವಾಗಿ ಕಾಲೇಜು ಶಿಕ್ಷಕರ ಸಿ.ಎನ್.ಇ. ಕುರಿತಾದುದು.

ಇದು ಏನಲ್ಲ ಎಂಬುದೂ ತಿಳಿದಿರಲಿ

ಸಿ.ಎನ್.ಇ. ಲೈಸೆನ್ಸ್ ಅಲ್ಲ. ಅಮೆರಿಕದಲ್ಲಿ ನರ್ಸ್ ಆಗಿ ದುಡಿಯಲು ಬೇಕಾಗುವ ಎನ್‌ಕ್ಲೆಕ್ಸ್ ಪರೀಕ್ಷೆಯೇ ಬೇರೆ. ಸಿ.ಎನ್.ಇ. ವೀಸಾ ಕೊಡಿಸುವುದಿಲ್ಲ, ಕೆಲಸವನ್ನು ಖಾತ್ರಿಪಡಿಸುವುದೂ ಇಲ್ಲ. ಅಲ್ಲಿ ಕಾಲೇಜಿನಲ್ಲಿ ಕಲಿಸಲು ಯಾವ ಪದವಿ ಬೇಕು ಎಂಬುದನ್ನು ಆಯಾ ರಾಜ್ಯದ ನರ್ಸಿಂಗ್ ಮಂಡಳಿ ಮತ್ತು ಆಯಾ ಕಾಲೇಜು ನಿರ್ಧರಿಸುತ್ತವೆ. ನಮ್ಮ ದೇಶದಲ್ಲಿ ಟ್ಯೂಟರ್ ಅಥವಾ ಲೆಕ್ಚರರ್ ಆಗಲೂ ಇದರ ಅಗತ್ಯವಿಲ್ಲ.

ಹಾಗಾದರೆ ಪ್ರಯೋಜನವೇನು? ಕಲಿಸುವ ವಿದ್ಯೆಯಲ್ಲಿ ಈ ವ್ಯಕ್ತಿ ನಿಗದಿತ ಮಟ್ಟ ಮುಟ್ಟಿದ್ದಾರೆ ಎಂದು ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿ ಹೇಳಿದಂತಾಗುತ್ತದೆ. ನೇಮಕಾತಿಯಲ್ಲಿ, ಬಡ್ತಿಯಲ್ಲಿ ಅದಕ್ಕೆ ತೂಕವಿದೆ. ಅಮೆರಿಕದಲ್ಲಿ ನರ್ಸಿಂಗ್ ಶಿಕ್ಷಕರ ಕೊರತೆ ದೊಡ್ಡದು. ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘದ ಲೆಕ್ಕದಂತೆ 2023ರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿಗೆ ಬಂದ, ಅರ್ಹತೆಯಿದ್ದ 65,766 ಅರ್ಜಿಗಳನ್ನು ತಿರಸ್ಕರಿಸಬೇಕಾಯಿತು. ಶಿಕ್ಷಕರ ಕೊರತೆ, ತರಬೇತಿಗೆ ಆಸ್ಪತ್ರೆಗಳ ಕೊರತೆ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿವೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅಲ್ಲಿ ಕಾಲೇಜು ಶಿಕ್ಷಕರ ಸಂಬಳ ಎಷ್ಟೋ ಕಡೆ ಅನುಭವಸ್ಥ ಆಸ್ಪತ್ರೆ ನರ್ಸ್‌ನ ಸಂಬಳಕ್ಕಿಂತ ಕಡಿಮೆ. ಊರಿನಲ್ಲಿ ಮನೆ ಕಟ್ಟಲು ಸಾಲ ಮಾಡಿದವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಈ ಪರೀಕ್ಷೆಯ ಹೆಸರಿನಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ನಂಬಬೇಡಿರಿ. ಅರ್ಜಿಯನ್ನು ಅಭ್ಯರ್ಥಿಯೇ ನೇರವಾಗಿ ಸಂಸ್ಥೆಗೆ ಹಾಕಬಹುದು. ನಡುವೆ ಏಜೆಂಟರ ಅಗತ್ಯವಿಲ್ಲ.

ಯಾರು ಅರ್ಹರು?

ಮೊದಲನೆಯದಾಗಿ, ನೀವು ಈಗ ಕಲಿಸುತ್ತಿರುವ ಅಥವಾ ಓದುತ್ತಿರುವ ದೇಶದಲ್ಲಿ ನೋಂದಾಯಿತ ನರ್ಸ್ ಆಗಿರಬೇಕು. ಆ ನೋಂದಣಿ ಚಾಲ್ತಿಯಲ್ಲಿರಬೇಕು, ಅದರ ಮೇಲೆ ಶಿಸ್ತುಕ್ರಮದ ನಿರ್ಬಂಧವಿರಬಾರದು. ಎರಡನೆಯದಾಗಿ, ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್ ಬೇಕು. ಇಲ್ಲಿ ಎರಡು ದಾರಿಗಳಿವೆ.

ಒಂದನೇ ದಾರಿ: ನಿಮ್ಮ ಸ್ನಾತಕೋತ್ತರ ಅಧ್ಯಯನದ ಮುಖ್ಯ ವಿಷಯ ನರ್ಸಿಂಗ್ ಶಿಕ್ಷಣವೇ ಆಗಿರಬೇಕು, ಅಥವಾ ಸ್ನಾತಕೋತ್ತರ ಪದವಿಯ ನಂತರ ನರ್ಸಿಂಗ್ ಶಿಕ್ಷಣದಲ್ಲಿ ಪ್ರಮಾಣಪತ್ರ ಪಡೆದಿರಬೇಕು, ಅಥವಾ ಸ್ನಾತಕೋತ್ತರ ಮಟ್ಟದಲ್ಲಿ ನರ್ಸಿಂಗ್ ಶಿಕ್ಷಣದ ವಿಷಯಗಳಲ್ಲಿ ಒಂಬತ್ತು ಅಥವಾ ಹೆಚ್ಚು ಕ್ರೆಡಿಟ್ ಗಳಿಸಿರಬೇಕು. ಈ ದಾರಿಯಲ್ಲಿ ಬಂದವರಿಗೆ ಬೋಧನಾನುಭವದ ವರ್ಷಗಳನ್ನು ಕೇಳುವುದಿಲ್ಲ.

ಎರಡನೇ ದಾರಿ: ಸ್ನಾತಕೋತ್ತರ ಪದವಿ ನರ್ಸಿಂಗ್‌ನ ಬೇರೆ ವಿಭಾಗದಲ್ಲಿದ್ದರೆ, ಕಳೆದ ಐದು ವರ್ಷಗಳೊಳಗೆ ಕನಿಷ್ಠ ಎರಡು ವರ್ಷ ಕಾಲೇಜೊಂದರ ನರ್ಸಿಂಗ್ ವಿಭಾಗದಲ್ಲಿ ಕೆಲಸ ಮಾಡಿರಬೇಕು.

ನಮ್ಮಲ್ಲಿ ಎಂ.ಎಸ್ಸಿ. ನರ್ಸಿಂಗ್ ಮಾಡಿದವರು ಗಮನಿಸಬೇಕಾದ ಅಂಶವೊಂದಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಲ್ಲಿ ಮಕ್ಕಳ ವಿಭಾಗವಾಗಲಿ, ಮನೋರೋಗ ವಿಭಾಗವಾಗಲಿ, ಎಂ.ಎಸ್ಸಿ.ಯ ಮೊದಲ ವರ್ಷದಲ್ಲಿ ಎಲ್ಲರಿಗೂ ನರ್ಸಿಂಗ್ ಶಿಕ್ಷಣ ಎಂಬ ವಿಷಯವಿತ್ತು. ಪಾಠ ಯೋಜನೆ, ಅಭ್ಯಾಸ ಬೋಧನೆ, ಪ್ರಶ್ನೆಪತ್ರಿಕೆ ತಯಾರಿ ಎಲ್ಲವನ್ನೂ ಅಲ್ಲಿಯೇ ಕಲಿತಿರುತ್ತೀರಿ. ಆದರೆ ಅದು ಅಮೆರಿಕದ ಎಷ್ಟು ಕ್ರೆಡಿಟ್‌ಗೆ ಸಮ ಎಂಬುದನ್ನು ನಾವು ನೀವು ಊಹಿಸಿದರೆ ಸಾಲದು. ಗಂಟೆಗಳ ವಿವರವಿರುವ ಪಠ್ಯಕ್ರಮದ ಪ್ರತಿ ಮತ್ತು ಅಂಕಗಳ ಟ್ರಾನ್ಸ್‌ಕ್ರಿಪ್ಟ್ ಕೈಯಲ್ಲಿಟ್ಟುಕೊಂಡು, ವಿದೇಶಿ ಪದವಿಗೆ ಯಾವ ಮೌಲ್ಯಮಾಪನ ಬೇಕೆಂದು ಸಂಸ್ಥೆಯನ್ನೇ ಬರಹದಲ್ಲಿ ಕೇಳಿರಿ. ಹಣ ಕಟ್ಟುವುದು ಆ ಉತ್ತರ ಬಂದ ಮೇಲೆ. ಶುಲ್ಕ ಹಲವು ನೂರು ಡಾಲರ್. ರೂಪಾಯಿಗೆ ಪರಿವರ್ತಿಸಿದರೆ ಸಣ್ಣ ಮೊತ್ತವೇನಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಓದಿದ್ದರೆ ಟ್ರಾನ್ಸ್‌ಕ್ರಿಪ್ಟ್ ಬೆಂಗಳೂರಿನಿಂದ ಬರಬೇಕು. ಮಣಿಪಾಲದಂತಹ ಡೀಮ್ಡ್ ವಿಶ್ವವಿದ್ಯಾಲಯವಾದರೆ ಅಲ್ಲಿಂದಲೇ. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಊರಿಗೆ ರಜೆಯಲ್ಲಿ ಬಂದಾಗಲೇ ಎರಡು ಮೂರು ಪ್ರತಿ ಮಾಡಿಸಿಕೊಂಡು ಹೋಗುವುದು ಜಾಣತನ.

ಪರೀಕ್ಷೆಯ ಸ್ವರೂಪ

ಒಟ್ಟು 150 ಪ್ರಶ್ನೆಗಳು, ಮೂರು ಗಂಟೆ ಸಮಯ. ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು, ಕಂಪ್ಯೂಟರಿನಲ್ಲಿ ಉತ್ತರಿಸಬೇಕು. ಇವುಗಳಲ್ಲಿ 130 ಪ್ರಶ್ನೆಗಳಿಗೆ ಮಾತ್ರ ಅಂಕ. ಉಳಿದ 20 ಮುಂದಿನ ಪರೀಕ್ಷೆಗಳಿಗಾಗಿ ಪರಿಶೀಲಿಸಲು ಸೇರಿಸಿದವು. ಯಾವುವು ಅವು ಎಂದು ಗುರುತಿಸಲು ಸಾಧ್ಯವಿಲ್ಲ, ಆದ್ದರಿಂದ ಎಲ್ಲವನ್ನೂ ಸಮನಾಗಿ ಬರೆಯಬೇಕು. ವಿಚಿತ್ರವಾದ ಪ್ರಶ್ನೆಯೊಂದು ಬಂದರೆ ಗಾಬರಿಯಾಗದೆ ಮುಂದೆ ಹೋಗಲು ಈ ತಿಳಿವಳಿಕೆ ನೆರವಾಗುತ್ತದೆ.

ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ 72 ಸೆಕೆಂಡ್ ಸಿಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಇದು ಸ್ಪರ್ಧಾತ್ಮಕ ಪರೀಕ್ಷೆಯಲ್ಲ. ಇತರರು ಎಷ್ಟು ಚೆನ್ನಾಗಿ ಬರೆದರೂ ನಿಮ್ಮ ಫಲಿತಾಂಶ ಬದಲಾಗದು. ನಿಗದಿತ ಮಟ್ಟ ಮುಟ್ಟಿದವರೆಲ್ಲರೂ ಉತ್ತೀರ್ಣರು.

ಪ್ರಶ್ನೆಗಳಲ್ಲಿ ನೆನಪಿನ ಶಕ್ತಿಯನ್ನು ಮಾತ್ರ ಪರೀಕ್ಷಿಸುವವು ಕೆಲವೇ. ಸನ್ನಿವೇಶವೊಂದನ್ನು ಕೊಟ್ಟು, ಶಿಕ್ಷಕರು ಮೊದಲು ಏನು ಮಾಡಬೇಕು ಎಂದು ಕೇಳುವವೇ ಹೆಚ್ಚು. ಗೈಡನ್ನು ಬಾಯಿಪಾಠ ಮಾಡಿ ಹೋದವರು ಎಡವುವುದು ಈ ಕಾರಣದಿಂದ.

ಆರು ವಿಭಾಗಗಳು, ಓದಬೇಕಾದ ವಿಷಯಗಳು

ಪರೀಕ್ಷೆಯ ನೀಲನಕ್ಷೆಯನ್ನು ಸಂಸ್ಥೆಯ ಅಭ್ಯರ್ಥಿ ಕೈಪಿಡಿಯಲ್ಲಿ ಉಚಿತವಾಗಿ ಕೊಟ್ಟಿದ್ದಾರೆ. ಪ್ರತಿ ವಿಭಾಗಕ್ಕೆ ಶೇಕಡಾ ಎಷ್ಟು ಎಂಬುದೂ ಅದರಲ್ಲಿದೆ. ಈ ಪಾಲು ಕಾಲಕಾಲಕ್ಕೆ ಬದಲಾಗುವುದರಿಂದ ಹಳೆಯ ಪ್ರತಿಯನ್ನು ನಂಬದೆ ಹೊಸ ಕೈಪಿಡಿಯನ್ನೇ ನೋಡಬೇಕು.

1. ಕಲಿಕೆಗೆ ನೆರವಾಗುವುದು. ಇದೇ ದೊಡ್ಡ ವಿಭಾಗ, ಐದರಲ್ಲೊಂದು ಪಾಲಿಗೂ ಹೆಚ್ಚು. ವಯಸ್ಕರ ಕಲಿಕೆಯ ಬಗ್ಗೆ ಮಾಲ್ಕಮ್ ನೋಲ್ಸ್ ಹೇಳಿದ ತತ್ತ್ವಗಳು, ಅನುಭವದಿಂದ ಕಲಿಯುವುದರ ಬಗ್ಗೆ ಡೇವಿಡ್ ಕೋಲ್ಬ್ ಹಾಕಿದ ಚಕ್ರ, ನರ್ಸ್ ಹಂತಹಂತವಾಗಿ ನುರಿತವಳಾಗುವುದನ್ನು ಪೆಟ್ರೀಷಿಯಾ ಬೆನ್ನರ್ 1984ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಐದು ಮೆಟ್ಟಿಲುಗಳು ಇಲ್ಲಿ ಬೇಕು. ಉಪನ್ಯಾಸ, ಗುಂಪು ಚರ್ಚೆ, ಸಿಮ್ಯುಲೇಷನ್, ಆನ್‌ಲೈನ್ ಪಾಠ ಇವುಗಳಲ್ಲಿ ಯಾವ ಉದ್ದೇಶಕ್ಕೆ ಯಾವುದು ಸೂಕ್ತ ಎಂದು ಆರಿಸಲು ಬರಬೇಕು. ಸಿಮ್ಯುಲೇಷನ್ ಈಗ ಬಹಳ ಮುಖ್ಯ. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಗುಣಮಟ್ಟದ ಸಿಮ್ಯುಲೇಷನ್ ಆಸ್ಪತ್ರೆ ತರಬೇತಿಯ ಅರ್ಧದಷ್ಟು ಗಂಟೆಗಳ ಜಾಗವನ್ನು ತುಂಬಬಲ್ಲದು ಎಂದು ಕಂಡುಬಂತು. ಸಿಮ್ಯುಲೇಷನ್ ಮುಗಿದ ಮೇಲೆ ಕುಳಿತು ನಡೆಸುವ ಅವಲೋಕನವೇ ಕಲಿಕೆಯ ತಿರುಳು ಎಂಬುದನ್ನು ಮರೆಯಬಾರದು.

2. ವಿದ್ಯಾರ್ಥಿಯ ಬೆಳವಣಿಗೆ ಮತ್ತು ವೃತ್ತಿಯೊಳಗೆ ಬೆರೆಯುವಿಕೆ. ಭಾಷೆ, ವಯಸ್ಸು, ಹಿನ್ನೆಲೆ ಬೇರೆಯಾದ ವಿದ್ಯಾರ್ಥಿಗಳನ್ನು ನಡೆಸಿಕೊಳ್ಳುವ ಬಗೆ, ವೈಕಲ್ಯವಿರುವ ವಿದ್ಯಾರ್ಥಿಗೆ 1990ರ ಅಂಗವಿಕಲರ ಕಾಯ್ದೆಯಂತೆ ಮಾಡಿಕೊಡಬೇಕಾದ ಅನುಕೂಲ, ಅಸಭ್ಯ ವರ್ತನೆಯನ್ನು ತಿದ್ದುವ ಕ್ರಮ ಇಲ್ಲಿವೆ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ 1974ರ ಕಾಯ್ದೆಯನ್ನು ನಮ್ಮವರು ವಿಶೇಷವಾಗಿ ಓದಬೇಕು. ನಮ್ಮ ಕಾಲೇಜುಗಳಲ್ಲಿ ಹೆತ್ತವರನ್ನು ಕರೆಸಿ ಅಂಕಪಟ್ಟಿ ತೋರಿಸುವುದು ವಾಡಿಕೆ. ಅಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾಲೇಜು ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಹೆತ್ತವರಿಗೂ ಅಂಕ ಹೇಳುವಂತಿಲ್ಲ.

3. ಅಳೆಯುವುದು, ಮೌಲ್ಯಮಾಪನ ಮಾಡುವುದು. ಇದರ ಬಗ್ಗೆ ಮುಂದೆ ವಿವರವಾಗಿ ಹೇಳಿದ್ದೇವೆ.

4. ಪಠ್ಯಕ್ರಮ ರಚನೆ ಮತ್ತು ಫಲಿತಾಂಶ ಪರಿಶೀಲನೆ. ಸಂಸ್ಥೆಯ ಧ್ಯೇಯದಿಂದ ತತ್ತ್ವ, ತತ್ತ್ವದಿಂದ ಒಟ್ಟು ಗುರಿಗಳು, ಗುರಿಗಳಿಂದ ಪ್ರತಿ ಕೋರ್ಸಿನ ಉದ್ದೇಶ, ಅಲ್ಲಿಂದ ದಿನದ ಪಾಠ. ಈ ಸರಪಳಿಯ ಕೊಂಡಿಗಳು ಒಂದಕ್ಕೊಂದು ಹೊಂದಿರಬೇಕು. ಎನ್‌ಕ್ಲೆಕ್ಸ್ ಉತ್ತೀರ್ಣತೆ, ಓದು ಪೂರ್ಣಗೊಳಿಸಿದವರ ಪ್ರಮಾಣ, ಕೆಲಸ ಸಿಕ್ಕವರ ಪ್ರಮಾಣ ಇವು ಕಾಲೇಜಿನ ಫಲಿತಾಂಶದ ಅಳತೆಗೋಲು. ಮಾನ್ಯತೆ ಕೊಡುವ ಎ.ಸಿ.ಇ.ಎನ್., ಸಿ.ಸಿ.ಎನ್.ಇ. ಮತ್ತು ಎನ್.ಎಲ್.ಎನ್.ನದೇ ಆದ ಮಾನ್ಯತಾ ಆಯೋಗ, ಈ ಮೂರರ ಪಾತ್ರ ತಿಳಿದಿರಬೇಕು. ಏಪ್ರಿಲ್ 2023ರಿಂದ ಎನ್‌ಕ್ಲೆಕ್ಸ್ ಹೊಸ ರೂಪಕ್ಕೆ ಬಂದು, ರೋಗಿಯ ಸ್ಥಿತಿ ನೋಡಿ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯಕ್ಕೆ ಒತ್ತು ಕೊಟ್ಟಿದೆ. ಪಠ್ಯಕ್ರಮದ ಮೇಲೆ ಇದರ ಪರಿಣಾಮವನ್ನೂ ಯೋಚಿಸಿರಿ.

5. ಶಿಕ್ಷಕರಾಗಿ ತನ್ನನ್ನು ತಾನು ಸುಧಾರಿಸಿಕೊಳ್ಳುವುದು. ವಿದ್ಯಾರ್ಥಿಗಳ ಮತ್ತು ಸಹೋದ್ಯೋಗಿಗಳ ಅಭಿಪ್ರಾಯ ಪಡೆಯುವುದು, ಕಿರಿಯ ಶಿಕ್ಷಕರಿಗೆ ಮಾರ್ಗದರ್ಶನ ನೀಡುವುದು, ಕಾನೂನು ಮತ್ತು ನೀತಿಯ ಪ್ರಶ್ನೆಗಳು.

6. ವಿದ್ವತ್ತು, ಸೇವೆ ಮತ್ತು ನಾಯಕತ್ವ. ಅರ್ನೆಸ್ಟ್ ಬಾಯರ್ 1990ರಲ್ಲಿ ವಿದ್ವತ್ತಿನ ನಾಲ್ಕು ಮುಖಗಳನ್ನು ಹೇಳಿದರು: ಹೊಸದನ್ನು ಕಂಡುಹಿಡಿಯುವುದು, ಬೇರೆ ಬೇರೆ ಜ್ಞಾನವನ್ನು ಜೋಡಿಸುವುದು, ಬಳಕೆಗೆ ತರುವುದು ಮತ್ತು ಬೋಧನೆ. ಪ್ರಶ್ನೆಯಲ್ಲಿ ಒಂದು ಕೆಲಸವನ್ನು ಕೊಟ್ಟು ಅದು ಯಾವ ಮುಖಕ್ಕೆ ಸೇರಿದ್ದು ಎಂದು ಕೇಳಬಹುದು. ಕಾಲೇಜಿನ ಸಮಿತಿಗಳು ಮತ್ತು ಟೆನ್ಯೂರ್ ಎಂಬ ಖಾಯಂ ಹುದ್ದೆಯ ವ್ಯವಸ್ಥೆ ನಮ್ಮವರಿಗೆ ಹೊಸದು. ಅಲ್ಲಿ ಕೆಲಸ ಮಾಡದವರು ಇದನ್ನು ಓದಿಯೇ ತಿಳಿಯಬೇಕು.

ಹೆಚ್ಚಿನವರಿಗೆ ಕಷ್ಟವಾಗುವ ಭಾಗ: ಪ್ರಶ್ನೆಯನ್ನು ಅಳೆಯುವ ಲೆಕ್ಕ

ವರ್ಷಗಟ್ಟಲೆ ಪಾಠ ಮಾಡಿದವರೂ ಮೌಲ್ಯಮಾಪನದ ಅಂಕಿಸಂಖ್ಯೆಗೆ ಹೆದರುತ್ತಾರೆ. ವಾಸ್ತವವಾಗಿ ಇದು ಕೂಡುವ ಭಾಗಿಸುವ ಲೆಕ್ಕವಷ್ಟೇ. ಒಂದು ಉದಾಹರಣೆ ನೋಡೋಣ.

60 ವಿದ್ಯಾರ್ಥಿಗಳ ತರಗತಿಯಲ್ಲಿ ಒಂದು ಪ್ರಶ್ನೆಗೆ 42 ಮಂದಿ ಸರಿ ಉತ್ತರ ಬರೆದರು. 42ನ್ನು 60ರಿಂದ ಭಾಗಿಸಿದರೆ 0.70. ಇದು ಕಠಿಣತೆಯ ಸೂಚ್ಯಂಕ. ಸಂಖ್ಯೆ ದೊಡ್ಡದಾದಷ್ಟೂ ಪ್ರಶ್ನೆ ಸುಲಭ ಎಂದರ್ಥ. ಕಠಿಣತೆ ಎಂಬ ಹೆಸರು ಕೇಳಿ ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುವವರು ಅನೇಕರು.

ಇನ್ನು ಒಟ್ಟು ಅಂಕದಲ್ಲಿ ಮೇಲಿನ 16 ಮಂದಿ ಮತ್ತು ಕೆಳಗಿನ 16 ಮಂದಿಯನ್ನು ತೆಗೆದುಕೊಳ್ಳಿ. ಮೇಲಿನವರಲ್ಲಿ 15 ಮಂದಿ, ಕೆಳಗಿನವರಲ್ಲಿ 7 ಮಂದಿ ಸರಿ ಬರೆದಿದ್ದರೆ ವ್ಯತ್ಯಾಸ 8. ಅದನ್ನು 16ರಿಂದ ಭಾಗಿಸಿದರೆ 0.50. ಇದು ಭೇದಕ ಸೂಚ್ಯಂಕ. ಚೆನ್ನಾಗಿ ಓದಿದವರನ್ನೂ ಓದದವರನ್ನೂ ಈ ಪ್ರಶ್ನೆ ಬೇರ್ಪಡಿಸುತ್ತಿದೆ, ಆದ್ದರಿಂದ ಒಳ್ಳೆಯ ಪ್ರಶ್ನೆ.

ಇನ್ನೊಂದು ಪ್ರಶ್ನೆಯಲ್ಲಿ 60ರಲ್ಲಿ 21 ಮಂದಿ ಮಾತ್ರ ಸರಿ, ಅಂದರೆ 0.35. ಮೇಲಿನ 16ರಲ್ಲಿ 5 ಮಂದಿ, ಕೆಳಗಿನ 16ರಲ್ಲಿ 8 ಮಂದಿ ಸರಿ ಬರೆದಿದ್ದಾರೆ. ವ್ಯತ್ಯಾಸ ಮೈನಸ್ 3, ಸೂಚ್ಯಂಕ ಸುಮಾರು ಮೈನಸ್ 0.19. ಜಾಣ ಮಕ್ಕಳು ತಪ್ಪಿ, ಓದದವರು ಸರಿ ಬರೆದರೆ ದೋಷ ಬಹುಶಃ ಪ್ರಶ್ನೆಯಲ್ಲಿದೆ. ಕೀ ಉತ್ತರ ತಪ್ಪಾಗಿರಬಹುದು, ಅಥವಾ ಎರಡು ಉತ್ತರಗಳು ಸರಿಯಾಗುವಂತೆ ವಾಕ್ಯ ಇರಬಹುದು. ಇಂಥಲ್ಲಿ ಶಿಕ್ಷಕರ ಮೊದಲ ಹೆಜ್ಜೆ ಪ್ರಶ್ನೆಯನ್ನು ಮತ್ತು ಕೀಯನ್ನು ಪರಿಶೀಲಿಸುವುದು. ಮಕ್ಕಳನ್ನು ಬೈಯುವುದಲ್ಲ, ಪಾಠವನ್ನು ಮತ್ತೆ ಮಾಡುವುದೂ ಅಲ್ಲ.

ಇದರೊಂದಿಗೆ ಕಲಿಕೆಯ ನಡುವೆ ತಿದ್ದಲು ಮಾಡುವ ಮೌಲ್ಯಮಾಪನಕ್ಕೂ ಕೊನೆಯಲ್ಲಿ ತೀರ್ಪು ಕೊಡಲು ಮಾಡುವ ಮೌಲ್ಯಮಾಪನಕ್ಕೂ ಇರುವ ವ್ಯತ್ಯಾಸ, ಸಿಂಧುತ್ವ ಮತ್ತು ವಿಶ್ವಾಸಾರ್ಹತೆಯ ವ್ಯತ್ಯಾಸ, ಇತರರೊಂದಿಗೆ ಹೋಲಿಸುವ ಪರೀಕ್ಷೆಗೂ ನಿಗದಿತ ಮಟ್ಟಕ್ಕೆ ಹೋಲಿಸುವ ಪರೀಕ್ಷೆಗೂ ಇರುವ ವ್ಯತ್ಯಾಸ ತಿಳಿದಿರಬೇಕು. ತಕ್ಕಡಿಯೊಂದು ಪ್ರತಿ ಸಲವೂ ಒಂದು ಕಿಲೋ ಹೆಚ್ಚು ತೋರಿಸಿದರೆ ಅದು ವಿಶ್ವಾಸಾರ್ಹ, ಆದರೆ ಸಿಂಧುವಲ್ಲ. ಈ ಹೋಲಿಕೆಯನ್ನು ನೆನಪಿಟ್ಟರೆ ಸಾಕು. ಬ್ಲೂಮ್ ಅವರ 1956ರ ವರ್ಗೀಕರಣ ಮತ್ತು 2001ರಲ್ಲಿ ಪರಿಷ್ಕೃತಗೊಂಡ ಆರು ಹಂತಗಳು ಕೂಡ ಕೈವಶವಾಗಿರಲಿ: ನೆನಪಿಡು, ಅರ್ಥಮಾಡಿಕೊ, ಅನ್ವಯಿಸು, ವಿಶ್ಲೇಷಿಸು, ಮೌಲ್ಯಮಾಪನ ಮಾಡು, ರಚಿಸು.

ನಮ್ಮವರು ಎಡವುವ ಜಾಗ

ನಮ್ಮಲ್ಲಿ ಓದಿ ಬೆಳೆದವರಿಗೆ ಒಂದು ತೊಡಕಿದೆ. ಅದು ಇಂಗ್ಲಿಷ್ ಅಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಶಿಕ್ಷಕ ಎಂದರೆ ಯಾರು ಎಂಬ ನಮ್ಮ ಕಲ್ಪನೆ. ಕೆಳಗಿನ ಪ್ರಶ್ನೆಯನ್ನು ನಾವೇ ಮಾದರಿಗಾಗಿ ರಚಿಸಿದ್ದೇವೆ.

ವಾರ್ಡಿನಲ್ಲಿ ಎರಡನೇ ವರ್ಷದ ವಿದ್ಯಾರ್ಥಿನಿ ತಪ್ಪು ರೋಗಿಗೆ ಮಾತ್ರೆ ಕೊಡಲು ಹೊರಟಿದ್ದಳು. ಶಿಕ್ಷಕಿ ತಡೆದರು, ರೋಗಿಗೆ ತೊಂದರೆಯಾಗಲಿಲ್ಲ. ಶಿಕ್ಷಕಿ ಮುಂದೆ ಏನು ಮಾಡಬೇಕು?
ಅ. ಎಲ್ಲರಿಗೂ ಪಾಠವಾಗಲೆಂದು ಇತರ ವಿದ್ಯಾರ್ಥಿಗಳ ಮುಂದೆ ತಪ್ಪನ್ನು ವಿವರಿಸುವುದು.
ಆ. ಆ ದಿನ ಅವಳನ್ನು ಮನೆಗೆ ಕಳುಹಿಸಿ ಪ್ರಾಂಶುಪಾಲರಿಗೆ ದೂರು ಕೊಡುವುದು.
ಇ. ಅವಳೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ಎಲ್ಲಿ ತಪ್ಪಿತೆಂದು ಅವಳೇ ಗುರುತಿಸುವಂತೆ ಮಾಡಿ, ನಿಯಮದಂತೆ ದಾಖಲಿಸಿ, ಸುಧಾರಣೆಯ ಯೋಜನೆ ಹಾಕುವುದು.
ಈ. ತೊಂದರೆಯಾಗಿಲ್ಲವಾದ್ದರಿಂದ ಎಚ್ಚರಿಕೆ ಹೇಳಿ ಬಿಟ್ಟುಬಿಡುವುದು.

ಸರಿಯಾದ ಉತ್ತರ ಇ. ಆದರೆ ನಮ್ಮಲ್ಲಿ ಎಷ್ಟು ಮಂದಿ ಅ ಅಥವಾ ಆ ಆಯ್ಕೆಯ ವಾತಾವರಣದಲ್ಲಿ ಬೆಳೆದಿಲ್ಲ? ವಾರ್ಡಿನ ನಡುವೆ ಬೈಸಿಕೊಂಡು ಕಣ್ಣೀರಿಟ್ಟ ನೆನಪು ಅನೇಕ ನರ್ಸ್‌ಗಳಿಗಿದೆ. ಹಾಗೆ ಬೈದವರ ಉದ್ದೇಶ ಕೆಟ್ಟದ್ದೆಂದು ಹೇಳಲಾರೆವು, ರೋಗಿಯ ಪ್ರಾಣದ ಚಿಂತೆ ಅವರಿಗಿತ್ತು. ಆದರೆ ಬೈಗುಳಕ್ಕೆ ಹೆದರಿದ ವಿದ್ಯಾರ್ಥಿ ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾಳೆ. ಮುಚ್ಚಿಟ್ಟ ತಪ್ಪು ರೋಗಿಯ ಪ್ರಾಣಕ್ಕೇ ಅಪಾಯ. ಆದ್ದರಿಂದಲೇ ಪರೀಕ್ಷೆ ಈ ಉತ್ತರವನ್ನು ಬಯಸುತ್ತದೆ. ಈ ಆಯ್ಕೆಯಲ್ಲಿ ತಪ್ಪನ್ನು ಕ್ಷಮಿಸಿ ಮರೆಯುವುದಿಲ್ಲ ಎಂಬುದನ್ನೂ ಗಮನಿಸಿರಿ. ದಾಖಲೆ ಇದೆ, ಯೋಜನೆ ಇದೆ. ಈ ಆಯ್ಕೆಯ ಮೆದುತನವೂ ತಪ್ಪೇ.

ಪ್ರಶ್ನೆ ಓದುವಾಗ ಈ ಕ್ರಮವನ್ನು ಅನುಸರಿಸಬಹುದು. ಮೊದಲು ರೋಗಿಯ ಸುರಕ್ಷತೆ ಖಚಿತವಾಗಿದೆಯೇ ನೋಡಿ. ಆಮೇಲೆ, ಕ್ರಮ ಕೈಗೊಳ್ಳುವ ಮೊದಲು ವಿಷಯ ತಿಳಿದುಕೊಳ್ಳುವ ಆಯ್ಕೆ ಇದೆಯೇ ನೋಡಿ. ಬಳಿಕ, ವಿದ್ಯಾರ್ಥಿ ತಾನೇ ಯೋಚಿಸುವಂತೆ ಮಾಡುವ ಆಯ್ಕೆ ಯಾವುದು, ಕಾಲೇಜಿನ ಲಿಖಿತ ನಿಯಮಕ್ಕೆ ಹೊಂದುವುದು ಯಾವುದು ಎಂದು ನೋಡಿ. ನಮ್ಮ ಕಾಲೇಜಿನಲ್ಲಿ ಏನು ಮಾಡುತ್ತಿದ್ದರು ಎಂಬ ಯೋಚನೆಯನ್ನು ಆ ಮೂರು ಗಂಟೆ ಬದಿಗಿಡಬೇಕು.

ಹನ್ನೆರಡು ವಾರಗಳ ಓದು

ಕೆಲಸ, ಸಂಸಾರ ಎರಡೂ ಇರುವವರಿಗೆ ಮೂರು ತಿಂಗಳು ಸಾಕಾಗುವ ಅವಧಿ. ವಾರಕ್ಕೆ ಆರರಿಂದ ಎಂಟು ಗಂಟೆ ಮೀಸಲಿಟ್ಟರೆ ಸಾಕು.

ಮೊದಲ ವಾರ: ಕೈಪಿಡಿ ಓದಿ, ಪ್ರತಿ ವಿಭಾಗದ ಉಪವಿಷಯಗಳ ಎದುರು ಗೊತ್ತಿದೆ, ಅರ್ಧ ಗೊತ್ತು, ಗೊತ್ತಿಲ್ಲ ಎಂದು ಗುರುತು ಹಾಕಿಕೊಳ್ಳಿ.
2ರಿಂದ 4ನೇ ವಾರ: ಕಲಿಕೆಗೆ ನೆರವಾಗುವ ವಿಭಾಗ. ಪ್ರತಿ ಸಿದ್ಧಾಂತಕ್ಕೂ ನಿಮ್ಮ ವಾರ್ಡಿನ ಒಂದು ಉದಾಹರಣೆಯನ್ನು ಬರೆದುಕೊಳ್ಳಿ.
5 ಮತ್ತು 6ನೇ ವಾರ: ಮೌಲ್ಯಮಾಪನ. ಮೇಲಿನಂತಹ ಲೆಕ್ಕಗಳನ್ನು ದಿನಕ್ಕೆರಡು ಮಾಡಿ.
7 ಮತ್ತು 8ನೇ ವಾರ: ಪಠ್ಯಕ್ರಮ ಮತ್ತು ಮಾನ್ಯತೆ.
9ನೇ ವಾರ: ವಿದ್ಯಾರ್ಥಿಯ ಬೆಳವಣಿಗೆ, ಕಾನೂನುಗಳು.
10ನೇ ವಾರ: ಸುಧಾರಣೆ, ವಿದ್ವತ್ತು, ನಾಯಕತ್ವ.
11ನೇ ವಾರ: ಗಡಿಯಾರವಿಟ್ಟು ಮೂರು ಗಂಟೆಯ ಪೂರ್ಣ ಅಭ್ಯಾಸ ಪರೀಕ್ಷೆ. ಎನ್.ಎಲ್.ಎನ್. ಸಂಸ್ಥೆಯೇ ಅಭ್ಯಾಸದ ಪರೀಕ್ಷೆಯನ್ನು ಕೊಡುತ್ತದೆ. ತಪ್ಪಾದ ಪ್ರತಿ ಉತ್ತರಕ್ಕೂ ಏಕೆ ತಪ್ಪಾಯಿತು ಎಂದು ಒಂದು ಸಾಲು ಬರೆಯಿರಿ.
12ನೇ ವಾರ: ಆ ಸಾಲುಗಳನ್ನು ಮಾತ್ರ ಓದಿ. ಹೊಸ ಪುಸ್ತಕ ತೆರೆಯಬೇಡಿ.

ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಓದಲು ಕೂರುವುದು ವ್ಯರ್ಥ. ನಿದ್ದೆಯ ನಂತರದ ಒಂದು ಗಂಟೆ ನಿದ್ದೆಗೆಟ್ಟ ಮೂರು ಗಂಟೆಗಿಂತ ಮೇಲು. ಸಾಧ್ಯವಾದರೆ ಇಬ್ಬರು ಮೂವರು ಸೇರಿ ಓದಿರಿ. ಒಬ್ಬರಿಗೊಬ್ಬರು ಪಾಠ ಹೇಳಿಕೊಡುವುದಕ್ಕಿಂತ ಒಳ್ಳೆಯ ಸಿದ್ಧತೆ ಶಿಕ್ಷಕರ ಪರೀಕ್ಷೆಗೆ ಇರಲಾರದು.

ಹೆಸರು ಮತ್ತು ದಾಖಲೆ

ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಹೆಸರಿನ ತೊಂದರೆ ಹಳೆಯದು. ಡಿಸೋಜ ಎಂಬ ಒಂದೇ ಉಪನಾಮ ಶಾಲಾ ದಾಖಲೆಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ರೀತಿ. ಒಂದೆಡೆ ಡಿ ಅಕ್ಷರದ ನಂತರ ಮೇಲೆ ಚುಕ್ಕೆ, ಇನ್ನೊಂದೆಡೆ ಜಾಗ ಬಿಟ್ಟು, ಮತ್ತೊಂದೆಡೆ ಕೂಡಿಸಿ. ಮದುವೆಯ ನಂತರ ಗಂಡನ ಉಪನಾಮ ಸೇರುತ್ತದೆ, ಪದವಿ ಪತ್ರದಲ್ಲಿ ತಂದೆಯದೇ ಉಳಿದಿರುತ್ತದೆ. ಧರ್ಮಭಗಿನಿಯರಲ್ಲಿ ಸಭೆಗೆ ಸೇರಿದಾಗ ಪಡೆದ ಹೆಸರು ಬೇರೆ, ದಾಖಲೆಯ ಹೆಸರು ಬೇರೆ. ಪರೀಕ್ಷಾ ಕೇಂದ್ರದಲ್ಲಿ ಅರ್ಜಿಯ ಹೆಸರು ಮತ್ತು ಗುರುತಿನ ಚೀಟಿಯ ಹೆಸರು ಒಂದೇ ಆಗಿರದಿದ್ದರೆ ಒಳಗೆ ಬಿಡದಿರಬಹುದು, ಕಟ್ಟಿದ ಹಣವೂ ಹೋಗಬಹುದು. ಗುರುತಿನ ಚೀಟಿಯಲ್ಲಿ ಇರುವಂತೆಯೇ ಅರ್ಜಿಯಲ್ಲಿ ಬರೆಯಿರಿ. ಪದವಿ ಪತ್ರದಲ್ಲಿ ಬೇರೆ ಹೆಸರಿದ್ದರೆ ಮದುವೆಯ ನೋಂದಣಿ ಪತ್ರವನ್ನೋ ಅಫಿಡವಿಟ್ಟನ್ನೋ ಮೊದಲೇ ಸಿದ್ಧಪಡಿಸಿರಿ.

ಇಂತಹ ಸಂದರ್ಭಗಳಲ್ಲಿ ಧರ್ಮಕೇಂದ್ರದ ಕಚೇರಿಗೆ ಜ್ಞಾನಸ್ನಾನದ ಅಥವಾ ವಿವಾಹದ ಪ್ರಮಾಣಪತ್ರ ಕೇಳಿ ಬರುವವರಿರುತ್ತಾರೆ. ರಿಜಿಸ್ಟರಿನಲ್ಲಿ ಇರುವಂತೆಯೇ, ಅಕ್ಷರ ವ್ಯತ್ಯಾಸವಿಲ್ಲದೆ ಬರೆದುಕೊಡುವಂತೆ ಕಚೇರಿ ನೋಡಿಕೊಳ್ಳುವವರನ್ನು ಕೋರುತ್ತೇವೆ. ಉಪಕಾರವೆಂದು ಕಾಗುಣಿತವನ್ನು ತಿದ್ದಿ ಕೊಟ್ಟರೆ ಅದೇ ಮುಂದೆ ತೊಡಕಾಗುತ್ತದೆ.

ಪರೀಕ್ಷೆಯ ದಿನ ಮತ್ತು ಅದರ ನಂತರ

ಹಿಂದಿನ ದಿನ ರಾತ್ರಿ ಪಾಳಿ ಬೇಡ, ರಜೆ ಹಾಕಿರಿ. ಮೊದಲ ಸುತ್ತಿನಲ್ಲಿ ಗೊತ್ತಿರುವುದನ್ನು ಉತ್ತರಿಸಿ, ಅನುಮಾನವಿರುವುದಕ್ಕೂ ಒಂದು ಉತ್ತರ ಕೊಟ್ಟು ಗುರುತು ಹಾಕಿ ಮುಂದೆ ಹೋಗಿರಿ. ಒಂದು ಗಂಟೆಯ ಹೊತ್ತಿಗೆ 50, ಎರಡು ಗಂಟೆಯ ಹೊತ್ತಿಗೆ 100 ಪ್ರಶ್ನೆ ದಾಟಿದ್ದರೆ ವೇಗ ಸರಿಯಿದೆ ಎಂದರ್ಥ. ಮರಳಿ ನೋಡುವಾಗ ಬಲವಾದ ಕಾರಣವಿಲ್ಲದೆ ಉತ್ತರ ಬದಲಿಸಬೇಡಿರಿ.

ಉತ್ತೀರ್ಣರಾದರೆ ಪ್ರಮಾಣಪತ್ರ ಐದು ವರ್ಷ ಊರ್ಜಿತ. ಆ ಅವಧಿಯಲ್ಲಿ ವೃತ್ತಿ ಬೆಳವಣಿಗೆಯ ಚಟುವಟಿಕೆಗಳಲ್ಲಿ ತೊಡಗಿ ದಾಖಲೆ ಇಟ್ಟುಕೊಂಡು ನವೀಕರಿಸಬಹುದು, ಅಥವಾ ಮತ್ತೆ ಪರೀಕ್ಷೆ ಬರೆಯಬಹುದು. ಹಾಜರಾದ ಪ್ರತಿ ಕಾರ್ಯಾಗಾರದ ಪತ್ರವನ್ನು ಆ ದಿನವೇ ಒಂದು ಫೈಲಿಗೆ ಹಾಕಿಡುವುದು ಒಳ್ಳೆಯದು.

ಮೊದಲ ಪ್ರಯತ್ನದಲ್ಲಿ ಉತ್ತೀರ್ಣರಾಗದವರೂ ಇದ್ದಾರೆ, ಅವರಲ್ಲಿ ಅನುಭವಿ ಪ್ರಾಧ್ಯಾಪಕರೂ ಸೇರಿದ್ದಾರೆ. ಯಾವ ವಿಭಾಗದಲ್ಲಿ ಹಿಂದೆ ಬಿದ್ದಿರೆಂದು ನೋಡಿಕೊಂಡು ಮತ್ತೆ ಬರೆಯಲು ಅವಕಾಶವಿದೆ. ಇಲ್ಲಿ ಮನೆಯವರಿಗೆ ಒಂದು ಮಾತು ಹೇಳುವುದಿದೆ. ವಿದೇಶದಲ್ಲಿರುವ ಮಗಳು ಅಥವಾ ಸೊಸೆ ಪರೀಕ್ಷೆ ಬರೆಯುತ್ತಾಳೆಂದು ತಿಳಿದೊಡನೆ ವಾಳೆಯವರಿಗೆಲ್ಲ ಹೇಳಿ, ಫಲಿತಾಂಶದ ದಿನ ಬಂಧುಗಳೆಲ್ಲ ಫೋನು ಮಾಡುವಂತೆ ಮಾಡುವುದು ಅವಳಿಗೆ ಹೊರೆ. ಆ ಮೂರು ತಿಂಗಳು ಮಕ್ಕಳನ್ನು ನೋಡಿಕೊಳ್ಳುವುದು, ಅಡುಗೆಯ ಕೆಲಸದಲ್ಲಿ ಗಂಡ ಕೈಜೋಡಿಸುವುದು, ಊರಿನಿಂದ ಹಣದ ಬೇಡಿಕೆಯನ್ನು ಸ್ವಲ್ಪ ಹಿಡಿತದಲ್ಲಿಡುವುದು ನಿಜವಾದ ನೆರವು.

ನಮ್ಮ ಕಾಲೇಜುಗಳಿಗೂ ಪ್ರಯೋಜನ

ಈ ಪರೀಕ್ಷೆಯನ್ನು ಎಂದೂ ಬರೆಯದವರಿಗೂ ಅದರ ಪಠ್ಯ ಉಪಯುಕ್ತ. ಕಠಿಣತೆ, ಭೇದಕ ಸೂಚ್ಯಂಕಗಳ ಲೆಕ್ಕವನ್ನು ನಮ್ಮ ಕಾಲೇಜಿನ ಆಂತರಿಕ ಪರೀಕ್ಷೆಗೂ ಹಾಕಬಹುದು. ಅದಕ್ಕೆ ಕಾಗದ ಪೆನ್ಸಿಲು ಸಾಕು. ತಪ್ಪು ಮಾಡಿದ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಕರೆದು ಮಾತನಾಡಿಸಲು ಡಾಲರ್ ಬೇಡ. ಹೊರದೇಶದಲ್ಲಿ ಸಿ.ಎನ್.ಇ. ಪಡೆದವರು ರಜೆಯಲ್ಲಿ ಊರಿಗೆ ಬಂದಾಗ ತಾವು ಕಲಿತ ಕಾಲೇಜಿಗೆ ಹೋಗಿ ಒಂದು ಮಧ್ಯಾಹ್ನ ಕಿರಿಯ ಶಿಕ್ಷಕರೊಂದಿಗೆ ಕುಳಿತು ಈ ವಿಷಯಗಳನ್ನು ಹಂಚಿಕೊಂಡರೆ ಅದರ ಫಲ ನೂರಾರು ವಿದ್ಯಾರ್ಥಿಗಳಿಗೂ ಅವರು ಮುಂದೆ ಆರೈಕೆ ಮಾಡುವ ರೋಗಿಗಳಿಗೂ ತಲಪುತ್ತದೆ. ಕಾಲೇಜಿನ ಮುಖ್ಯಸ್ಥರು ಅಂಥವರನ್ನು ತಾವಾಗಿಯೇ ಆಹ್ವಾನಿಸಬೇಕೆಂದು ಕೋರುತ್ತೇವೆ.

ಪರೀಕ್ಷೆಗೆ ಸಿದ್ಧರಾಗುತ್ತಿರುವ ಎಲ್ಲರಿಗೂ ಶುಭ ಹಾರೈಕೆಗಳು.